ಕಿಟಕಿಗಳ ಯಜಮಾನಿಕೆ

ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ನನಗೊಂದು ಕೆಲಸ ಕಾದಿರುತ್ತದೆ. ಕಿಟಕಿ ತೆಗೆಯಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದು. ಮಂಗಳೂರಿನ ಈ ಮೂರನೇ ಮಹಡಿಯ ಮನೆಗೆ ಒಂಬತ್ತು ಕಿಟಕಿಗಳಿವೆ. ಪಡುವಣ ದಿಕ್ಕಿನದನ್ನು ತೆಗೆದರೆ ಮಳೆಯ ಇರಚಲು ಸೋಫಾದ ಮೇಲೆ ಬರುತ್ತದೆ, ತೆಗೆಯದಿದ್ದರೆ ಬೀರುವಿನೊಳಗಿನ ಸೀರೆಗಳಿಗೆ ಬೂಸ್ಟು ಹಿಡಿಯುತ್ತದೆ. ಸಂಜೆ ಆರಕ್ಕೆ ಮುಚ್ಚದಿದ್ದರೆ ಸೊಳ್ಳೆ ಬರುತ್ತದೆ, ಮುಚ್ಚಿದರೆ ಸೆಕೆಗೆ ಮೈಯೆಲ್ಲ ಅಂಟಂಟು. ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಈಗ ಫೋನೇ ಹೇಳುತ್ತದೆ. ನೋಡುತ್ತೇನೆ, ನಂಬುವುದಿಲ್ಲ. ಕೇಳಿದರೆ ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತದೆ, ‘ನೀನು ಹೇಳಿದ ಹಾಗೆ’ ಅನ್ನುತ್ತಾರೆ. ಮದುವೆಯಾದಾಗಿನಿಂದ ಇದೇ ಉತ್ತರ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿದೆ. ಒಂದು ದಿನ ಯಾರಾದರೂ ಬಂದು, ಏನೂ ಕೇಳದೆ ತಾವೇ ತೆಗೆದು ತಾವೇ ಮುಚ್ಚಿ ಹೋದರೆ ಅವರಿಗೆ ಕೈಮುಗಿದೇನು. ಆದರೆ ಹಾಗೆ ಮಾಡುವ ಒಬ್ಬಳು ನಮ್ಮ ಮನೆಯಲ್ಲಿ ಇದ್ದಳು. ಅವಳ ಕೈಯಿಂದ ಆ ಕೆಲಸವನ್ನು ಕಿತ್ತುಕೊಂಡವಳು ನಾನೇ.

ನಾನು ಹುಟ್ಟಿ ಹತ್ತು ವರ್ಷ ಬೆಳೆದದ್ದು ಜಗಳೂರಿನಲ್ಲಿ. ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆ, ನಾಲ್ಕೇ ನಾಲ್ಕು ಕಿಟಕಿ, ಅವಕ್ಕೆ ಮರದ ಬಾಗಿಲು, ಕಬ್ಬಿಣದ ಸರಳು. ಅಪ್ಪ ನೌಕರಿಯ ಮೇಲೆ ಚನ್ನಗಿರಿ, ಹೊನ್ನಾಳಿ ಅಂತ ಸುತ್ತುತ್ತ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಮನೆಯ ಆಡಳಿತವೆಲ್ಲ ಅಪ್ಪನ ತಾಯಿಯದು, ಅಂದರೆ ನಮ್ಮ ಅಜ್ಜಿಯದು. ಬೆಳಗಿನ ಮುದ್ದೆ ಮುಗಿಯುವ ಹೊತ್ತಿಗೆ ಅಜ್ಜಿ ಮೂಡಣ ಗೋಡೆಗೆ ಅಂಗೈಯ ಹಿಂಬದಿ ತಾಗಿಸಿ ನೋಡುತ್ತಿದ್ದಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಗೋಡೆ ಬೆಚ್ಚಗಾಗತೊಡಗಿದರೆ ಕೂಗು ಹಾಕುವಳು.

‘ಕಿಟ್ಕಿ ಹಾಕ್ರೇ! ಬಿಸ್ಲು ಒಳಗೆ ಬರಾಕೆ ಹತ್ತೈತೆ!’

ಅಲ್ಲಿಗೆ ಮುಗಿಯಿತು. ನಾಲ್ಕೂ ಕಿಟಕಿ ಮುಚ್ಚಿ, ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿ, ಹಗಲೆಲ್ಲ ನಾವು ಅರೆಗತ್ತಲಲ್ಲಿ ತಣ್ಣಗೆ ಬದುಕುತ್ತಿದ್ದೆವು. ಹೊರಗೆ ರಸ್ತೆಯಲ್ಲಿ ಕಾಲಿಡಲಾಗದ ಬಿಸಿಲಿದ್ದರೂ ಒಳಗಿನ ನೆಲಕ್ಕೆ ಕೆನ್ನೆಯಿಟ್ಟು ಮಲಗಬಹುದಿತ್ತು. ಸಂಜೆ ದನಗಳು ಮನೆಗೆ ಬಂದು, ಅವು ಎಬ್ಬಿಸಿದ ದೂಳು ಇಳಿದು, ಎದುರು ಮನೆಯ ಹೆಂಚು ಸ್ಪಷ್ಟವಾಗಿ ಕಂಡ ಮೇಲೆಯೇ ಅಜ್ಜಿ ಕಿಟಕಿ ತೆಗೆಯಲು ಅಪ್ಪಣೆ ಕೊಡುತ್ತಿದ್ದಳು. ನನ್ನ ಅಮ್ಮ ನ್ಯಾಮತಿಯವಳು. ಬಾಗಿಲು ಕಿಟಕಿ ಹಾರುಹೊಡೆದುಕೊಂಡಿರುವ ಮನೆಯಲ್ಲಿ ಬೆಳೆದವಳು. ‘ಸ್ವಲ್ಪ ಗಾಳಿ ಆಡ್ಲಿ ಅತ್ತಿ’ ಎಂದು ಅವಳು ಮೆಲ್ಲಗೆ ಅಂದರೆ ಅಜ್ಜಿಯ ಉತ್ತರ ಸಿದ್ಧವಾಗಿರುತ್ತಿತ್ತು.

‘ನಿಮ್ಮ ನ್ಯಾಮತಿಯಾಗೆ ಬರೀ ಗಾಳಿ ಬರ್ತೈತೆ ಕಣೇ. ಇಲ್ಲಿ ಗಾಳಿ ಜತೀಗೆ ಅರ್ಧ ಸೇರು ಮಣ್ಣೂ ಬರ್ತೈತೆ. ಗುಡ್ಸಾಕೆ ನಿಮ್ಮಪ್ಪನ್ನ ಕರೀಲೇನು?’

ಅಮ್ಮ ನಗುತ್ತಿದ್ದಳು, ಯಾಕೆಂದರೆ ಅಜ್ಜಿ ಹೇಳಿದ್ದು ಸರಿಯಾಗಿತ್ತು. ನನ್ನ ತಮ್ಮ ಮಂಜನಿಗೆ ಹುಟ್ಟಿದಾಗಿನಿಂದ ದಮ್ಮು. ಎದೆಯೊಳಗೆ ಯಾರೋ ಪೀಪಿ ಊದುತ್ತಿದ್ದಾರೇನೋ ಅನ್ನುವಂಥ ಸದ್ದು. ಒಂದು ಬೇಸಿಗೆ ಮಧ್ಯಾಹ್ನ ದೊಡ್ಡ ಸುಳಿಗಾಳಿ ಎದ್ದು ಊರೆಲ್ಲ ಕೆಂಪಾದಾಗ, ಅಕ್ಕಪಕ್ಕದ ಮಕ್ಕಳೆಲ್ಲ ವಾರಗಟ್ಟಲೆ ಕೆಮ್ಮಿದರು, ಮಂಜ ಮಾತ್ರ ಆರಾಮಾಗಿದ್ದ. ಅಜ್ಜಿ ಗಾಳಿಗೆ ಮೊದಲೇ ಕಿಟಕಿ ಬಿಗಿದು, ಅವನನ್ನು ನಡುಮನೆಯಲ್ಲಿ ಮಡಿಲೊಳಗಿಟ್ಟುಕೊಂಡು ಕೂತಿದ್ದಳು. ಊರಿನ ಡಾಕ್ಟರು, ‘ಅಜ್ಜೀ, ಹುಡುಗ್ನ ಉಳಿಸಿದ್ದು ನೀವು, ನನ್ನ ಔಷಧಿ ಅಲ್ಲ’ ಅಂದುಬಿಟ್ಟರು. ಅಂದಿನಿಂದ ಕಿಟಕಿಯ ವಿಷಯದಲ್ಲಿ ಅಜ್ಜಿಗೆ ಎದುರಾಡುವ ಧೈರ್ಯ ಯಾರಿಗೂ ಬರಲಿಲ್ಲ. ಅಪ್ಪನಿಗಂತೂ ಮೊದಲೂ ಇರಲಿಲ್ಲ.

ಆಮೇಲೆ ಅಪ್ಪನಿಗೆ ಮಂಗಳೂರಿಗೆ ವರ್ಗವಾಯಿತು. ವಾರಕ್ಕೊಮ್ಮೆ ಬಂದು ಹೋಗುವ ದೂರವಲ್ಲವಾದ್ದರಿಂದ ಎಲ್ಲರೂ ಹೊರಟೆವು. ಜಗಳೂರಿನ ಮನೆಯನ್ನು ಚಿಕ್ಕಪ್ಪನ ಮನೆಯವರು ನೋಡಿಕೊಂಡರು. ನಮಗೆ ಸಿಕ್ಕ ಬಾಡಿಗೆ ಮನೆಯ ಮಹಡಿಯ ಮೇಲೆ ಒಡತಿ ಲಿಲ್ಲಿಬಾಯಿ ಇದ್ದರು. ಹೂವಿನ ಗೌನು ತೊಟ್ಟು ದಿನವಿಡೀ ಮೆಟ್ಟಿಲಿಳಿದು ಹತ್ತುತ್ತಿದ್ದ, ಗಟ್ಟಿ ದನಿಯ, ಒಳ್ಳೆಯ ಹೆಂಗಸು. ಕೆಳಗಿನ ನಮ್ಮ ಭಾಗಕ್ಕೆ ಹತ್ತು ಕಿಟಕಿ, ಎಲ್ಲ ಅಗಲಗಲ, ಗಾಜಿನವು. ಅಜ್ಜಿ ಬಂದ ದಿನವೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದನ್ನೇ ಎಣಿಸಿದಳು.

‘ಇದೇನು ಮನ್ಯೋ, ಬಸ್ಸೋ?’

ಮಾರನೆಯ ದಿನದಿಂದ ಜಗಳೂರಿನ ಕಾನೂನು ಜಾರಿಗೆ ಬಂತು. ಎಂಟು ಗಂಟೆಗೆಲ್ಲ ಕಿಟಕಿ ಬಂದ್. ಸಮುದ್ರದ ಗಾಳಿ ಹನ್ನೊಂದರ ಹೊತ್ತಿಗೆ ಬಂದು ನಮ್ಮ ಮುಚ್ಚಿದ ಗಾಜಿಗೆ ಬಡಿದು ಬೇರೆಯವರ ಮನೆಗೆ ಹೋಗುತ್ತಿತ್ತು. ಒಳಗೆ ನಾವು ಇಡ್ಲಿಗಳಂತೆ ಬೇಯುತ್ತಿದ್ದೆವು. ಹೊತ್ತು ಮುಳುಗಿ ಸೊಳ್ಳೆಗಳು ಹೊರಡುವ ವೇಳೆಗೆ ಸರಿಯಾಗಿ ಅಜ್ಜಿ ಹತ್ತೂ ಕಿಟಕಿ ತೆಗೆಸುತ್ತಿದ್ದಳು. ಒಂದು ಮಧ್ಯಾಹ್ನ ಲಿಲ್ಲಿಬಾಯಿ ಬಾಗಿಲು ತಟ್ಟಿದರು. ಅಮ್ಮ ಹೋಗಿ ತೆಗೆದಳು.

‘ಎಂತದು ಪಾರ್ವತಿಯಮ್ಮ, ನೀವು ಮನೆಗೆ ಬೀಗ ಹಾಕಿ ಊರಿಗೆ ಹೋದದ್ದು ಅಂತ ಗ್ರಹಿಸಿದೆ ನಾನು. ಕಡಲ ಗಾಳಿ ಬರುವಾಗ ಯಾರಾದರೂ ಕಿಟಕಿ ಹಾಕುದುಂಟಾ ಮಾರಾಯ್ರೆ? ಈಗ ತೆಗೀಬೇಕು, ಸಂಜೆ ಹಾಕಬೇಕು.’

ಅಮ್ಮ ಹಿಂತಿರುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ಒಳಗಿನಿಂದಲೇ, ‘ಅವ್ರ ಪದ್ಧತಿ ಅವರಿಗಿರ್ಲಿ. ನಮ್ಮ ಕೂಸಿನ ಎದೆ ನಮಗೆ ಗೊತ್ತೈತೆ’ ಅಂದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. ಗೊತ್ತಿಲ್ಲದವರ ಮೇಲೆ ತೋರಿಸುವ ಕನಿಕರವಿತ್ತು.

ಮಳೆಗಾಲ ಶುರುವಾದ ಮೇಲೆ ಆಟ ಕೆಟ್ಟಿತು. ಅಂಥ ಮಳೆಯನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಥಂಡಿ ಗಾಳಿ ಒಳಗೆ ಬರಬಾರದೆಂದು ಅಜ್ಜಿ ಈಗ ಸಂಜೆಯೂ ಕಿಟಕಿ ತೆಗೆಸಲಿಲ್ಲ. ಅವಳು ತಟ್ಟಿ ಒಣಗಿಸಿಟ್ಟ ಖಡಕ್ ರೊಟ್ಟಿ ಜಗಳೂರಿನಲ್ಲಾದರೆ ತಿಂಗಳು ಬರುತ್ತಿತ್ತು. ಇಲ್ಲಿ ಎರಡು ದಿನಕ್ಕೆ ಮೆತ್ತಗಾಗಿ ನಾಲ್ಕನೇ ದಿನಕ್ಕೆ ಹಸಿರು ಚುಕ್ಕೆ ಬಂತು. ಪೂಜೆಯ ವಿಭೂತಿ ಗಟ್ಟಿ ಬೆರಳಿಗೆ ಹಿಟ್ಟಿನ ಹಾಗೆ ಅಂಟುತ್ತಿತ್ತು. ಅಪ್ಪನ ಚಪ್ಪಲಿಗೆ ಬಿಳಿ ಬೂಸ್ಟು, ಮಂಚದ ಹಿಂದಿನ ಗೋಡೆಗೆ ಕಪ್ಪು ಬೂಸ್ಟು. ಹಾಸಿಗೆಯಿಂದ ಒದ್ದೆ ನಾಯಿಯ ವಾಸನೆ. ಮಂಜನ ಎದೆಯ ಪೀಪಿ ಹಗಲೂ ನಿಲ್ಲದಾಯಿತು. ಅಜ್ಜಿ ಎದೆಗೆ ಬೆಚ್ಚಗಿನ ಎಣ್ಣೆ ಹಚ್ಚಿದಳು, ಓಮದ ಕಷಾಯ ಕುಡಿಸಿದಳು, ಮುಚ್ಚಿದ ಕೋಣೆಯಲ್ಲಿ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಹಿಡಿದಳು. ಅವನ ಉಸಿರು ಕಟ್ಟಿದಷ್ಟೂ ಅವಳು ಕಿಟಕಿಗಳನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದಳು. ಅವಳಿಗೆ ಅವನ ಮೇಲಿದ್ದ ಪ್ರೀತಿ ನಮಗೆ ಯಾರಿಗೂ ಇರಲಿಲ್ಲ ಅಂತಲೇ ನಾನು ಇಂದಿಗೂ ನಂಬಿರುವುದು.

ಅಮ್ಮನಿಗೆ ಅರ್ಥವಾಗಿತ್ತು. ಆದರೆ ಅತ್ತೆಯ ಎದುರು ನಿಂತು ಹೇಳುವುದು ಅವಳಿಂದ ಆಗದ ಮಾತು. ಅದಕ್ಕೆ ಅವಳೊಂದು ಕಳ್ಳ ಉಪಾಯ ಹೂಡಿದಳು. ಅಜ್ಜಿ ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಮುಕ್ಕಾಲು ಗಂಟೆ ಏಳುತ್ತಿರಲಿಲ್ಲ. ಆ ಹೊತ್ತಿಗೆ ಮಳೆ ನಿಂತಿದ್ದರೆ ಅಮ್ಮ ಬೆಕ್ಕಿನ ಹೆಜ್ಜೆ ಇಟ್ಟು ಕಿಟಕಿಗಳನ್ನೆಲ್ಲ ತೆಗೆಯುತ್ತಿದ್ದಳು. ಪೂಜೆಯ ಕೋಣೆಯ ಬಾಗಿಲಲ್ಲಿ ನಾನು ಕಾವಲು. ಅಜ್ಜಿ ಏಳುವ ಸೂಚನೆ ಕಂಡರೆ ನಾನು ಎರಡು ಸಲ ಕೆಮ್ಮಬೇಕು, ಅಮ್ಮ ಓಡಾಡಿ ಮುಚ್ಚಬೇಕು. ಒಂದು ವಾರ ಚೆನ್ನಾಗಿ ನಡೆಯಿತು, ಮಂಜನೂ ಸ್ವಲ್ಪ ಚೇತರಿಸಿಕೊಂಡ. ಆದರೆ ದಿನಾ ಕೆಮ್ಮುವ ಮೊಮ್ಮಗಳನ್ನು ಅಜ್ಜಿ ಸುಮ್ಮನೆ ಬಿಟ್ಟಾಳೆಯೇ?

‘ಅಯ್ಯೋ ಶಿವನೇ, ಈ ಹುಡುಗಿಗೂ ಸುರುವಾತಲ್ಲೇ ಪಾರ್ವತಿ! ಇದು ಈ ಊರಿನ ಗಾಳೀದೇ ಕಾಟ.’

ನನಗೂ ಓಮದ ಕಷಾಯ ಬಂತು. ಅಷ್ಟೇ ಆಗಿದ್ದರೆ ಕುಡಿದು ಸುಮ್ಮನಿರುತ್ತಿದ್ದೆ. ಅಜ್ಜಿ ಅಪ್ಪನಿಂದ ಮೊಳೆ ಸುತ್ತಿಗೆ ತರಿಸಿ, ಮಕ್ಕಳು ಮಲಗುವ ಕೋಣೆಯ ಕಿಟಕಿಗಳಿಗೆ ಹಳೆಯ ಕಂಬಳಿ ಹೊಡೆಸಿದಳು. ಮೊಳೆ ಹೊಡೆದವನು ಅಪ್ಪನೇ. ಹೊಡೆಯುವಾಗ ಅಮ್ಮನ ಕಡೆ ತಿರುಗಲೇ ಇಲ್ಲ. ಇನ್ನು ಆ ಕೋಣೆಯ ಕಿಟಕಿಯನ್ನು ಕದ್ದು ತೆಗೆಯುವ ಹಾಗೂ ಇರಲಿಲ್ಲ. ನನ್ನ ಸುಳ್ಳು ಕೆಮ್ಮಿನಿಂದ ತಮ್ಮನ ನಿಜವಾದ ಕೆಮ್ಮು ಹೆಚ್ಚಾಯಿತು. ಹತ್ತು ವರ್ಷದ ಹುಡುಗಿ ಇದನ್ನು ಯಾರ ಹತ್ತಿರ ಹೇಳಬೇಕು?

ಕಂಬಳಿ ಹೊಡೆದ ಮೇಲೆ ಹತ್ತು ದಿನವೂ ಆಗಿರಲಿಲ್ಲ. ಮಧ್ಯಾಹ್ನ ಉಂಡು ಮಲಗಿದ್ದ ಮಂಜ ಎದ್ದು ಕೂತು, ಬಾಯಿ ತೆರೆದು, ಮಾತಾಡಲಾಗದೆ ಅಮ್ಮನ ಸೆರಗು ಜಗ್ಗಿದ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಲಿಲ್ಲಿಬಾಯಿ ಗೌನಿನಲ್ಲೇ ರಸ್ತೆಗೆ ಓಡಿ ಆಟೋ ತಂದರು. ಅಪ್ಪ ಆಫೀಸಿನಲ್ಲಿದ್ದ. ಅಜ್ಜಿಯನ್ನು ಮನೆಯಲ್ಲೇ ಬಿಟ್ಟು ಅಮ್ಮ ಮಂಜನನ್ನು ಎತ್ತಿಕೊಂಡಳು, ಚೀಲ ಹಿಡಿದು ನಾನು ಹಿಂದೆ ಹೋದೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಮೂಗಿಗೆ ಹಬೆಯ ಮುಖವಾಡ ಇಟ್ಟು, ಅವನ ಎದೆಯ ಏರಿಳಿತ ನಿಧಾನವಾದ ಮೇಲೆ ಡಾಕ್ಟರು ಅಮ್ಮನನ್ನು ಕೇಳಿದರು.

‘ಮನೆಯ ಗೋಡೆ ಚಂಡಿ, ಒದ್ದೆ ಉಂಟಾ? ಬೂಸ್ಟು ಬಂದಿದೆಯಾ?’

‘ಐತ್ರಿ.’

‘ಕಿಟಕಿ ತೆಗೀತೀರಾ?’

ಅಮ್ಮ ತಲೆ ತಗ್ಗಿಸಿದಳು. ಡಾಕ್ಟರಿಗೆ ಉತ್ತರ ಸಿಕ್ಕಿತು.

‘ನೋಡಿ ಅಮ್ಮ, ಈ ಹುಡುಗನಿಗೆ ಬೂಸ್ಟು ಅಂದ್ರೆ ವಿಷ. ಮಳೆ ನಿಂತ ಕೂಡಲೇ ಎಲ್ಲ ಕಿಟಕಿ ತೆಗೆದು ಗಾಳಿ ಆಡಿಸಬೇಕು. ಹೊಗೆಗಿಗೆ ಹಾಕಲೇಬಾರದು. ಇನ್ನೊಂದು ಸರ್ತಿ ಹೀಗಾದ್ರೆ ನಾನು ಧೈರ್ಯ ಕೊಡುದಿಲ್ಲ.’

ಸಂಜೆ ಅಮ್ಮ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಅಪ್ಪನಿಗೆ ಎಲ್ಲ ಹೇಳಿದಳು. ನಾನು ಬೆಳ್ಳುಳ್ಳಿ ಸುಲಿಯುತ್ತ ಅಲ್ಲೇ ಕೂತಿದ್ದೆ.

‘ಅವ್ವಗೆ ಹೆಂಗೆ ಹೇಳಾದು ಪಾರ್ವತಿ? ಆ ಹುಡುಗ್ನ ಉಳ್ಸಿದಾಕಿ ಆಕೀನೇ. ಈಗ ನಿನ್ನಿಂದ್ಲೇ ಹಿಂಗಾತು ಅಂದ್ರೆ ಎದಿ ಒಡ್ಕಂತಾಳೆ. ನಾಳೆ ನೋಡಾನ.’

ನಾಳೆ ಬಂತು, ಅಪ್ಪ ಹೇಳಲಿಲ್ಲ. ಅದರ ನಾಳೆಯೂ ಬಂತು. ಬೆಳಿಗ್ಗೆ ಬೇಗ ಹೊರಟು ಸಂಜೆ ತಡವಾಗಿ ಬರುವುದನ್ನು ಅಪ್ಪ ಆ ದಿನಗಳಲ್ಲಿ ಚೆನ್ನಾಗಿ ಕಲಿತ. ಅಮ್ಮ ಅಪ್ಪನ ಬಾಯಿ ಕಾಯುತ್ತಿದ್ದಳು, ಅಪ್ಪ ಅಮ್ಮನ ಬಾಯಿ ಕಾಯುತ್ತಿದ್ದ. ಅಜ್ಜಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೊಮ್ಮಗನಿಗೆ ದೃಷ್ಟಿ ತೆಗೆದು, ಕಂಬಳಿಯ ಅಂಚಿನಲ್ಲಿ ಬೆಳಕು ಬರುತ್ತಿದ್ದ ಕಡೆ ಇನ್ನೊಂದು ಬಟ್ಟೆ ತುರುಕಿದಳು.

ನಾಲ್ಕನೇ ದಿನ ಮಳೆ ನಿಂತು ಒಳ್ಳೆಯ ಬಿಸಿಲು ಬಿತ್ತು. ಶಾಲೆಗೆ ರಜೆ. ನಡುಮನೆಯಲ್ಲಿ ಮಂಜ ಗೋಡೆಗೊರಗಿ ಕೂತು ಮತ್ತೆ ಪೀಪಿ ಊದತೊಡಗಿದ್ದ. ಬೆಳಗಾದಾಗ ಅಮ್ಮ ತೆಗೆದಿಟ್ಟಿದ್ದ ಒಂದೇ ಒಂದು ಕಿಟಕಿ ಅಜ್ಜಿಯ ಕಣ್ಣಿಗೆ ಬಿತ್ತು. ‘ಯಾರೇ ತೆಗ್ದೋರು ಇದ್ನ?’ ಎಂದು ಗೊಣಗುತ್ತ ಹೋಗಿ ಚಿಲಕಕ್ಕೆ ಕೈ ಹಾಕಿದಳು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಸೌಟು ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು. ನನಗೆ ತಡೆಯಲಾಗಲಿಲ್ಲ.

‘ನೀನೇ ಅಜ್ಜೀ! ನಿನ್ನಿಂದ್ಲೇ ಅವ್ನಿಗೆ ದಮ್ಮು ಬರಾದು! ಡಾಕ್ಟ್ರು ಹೇಳ್ಯಾರೆ. ಕಿಟ್ಕಿ ಮುಚ್ಚಿ ಮುಚ್ಚಿ ನೀನು ಅವನ್ನ ಸಾಯಿಸ್ತೀಯ!’

ಇದರಲ್ಲಿ ಡಾಕ್ಟರು ಹೇಳಿದ್ದು ಅರ್ಧ, ಉಳಿದರ್ಧ ನನ್ನದು. ಸಾಯಿಸುತ್ತೀಯ ಎಂದು ಯಾರೂ ಅಂದಿರಲಿಲ್ಲ. ಅಜ್ಜಿಯ ಕೈ ಚಿಲಕದ ಮೇಲೆಯೇ ನಿಂತಿತು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನಾನು ಇದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ. ಅವಳು ಅಮ್ಮನ ಕಡೆ ತಿರುಗಿದಳು.

‘ಹೌದೇನೇ ಪಾರ್ವತಿ?’

‘ಡಾಕ್ಟ್ರು ಗಾಳಿ ಆಡ್ಸ್ರಿ ಅಂದ್ರು ಅತ್ತಿ.’

‘ಯಾವಾಗಂದ್ರು?’

‘ಆವತ್ತೇ.’

‘ಮತ್ತೆ ನಾಕು ದಿನ ಯಾಕೆ ಸುಮ್ಕಿದ್ರಿ?’

ಅಮ್ಮ ಅಳತೊಡಗಿದಳು. ಅಜ್ಜಿ ಕಿಟಕಿಯನ್ನು ಪೂರ್ತಿ ತೆಗೆದು, ಅಲ್ಲಿಂದ ನೇರ ಮಕ್ಕಳ ಕೋಣೆಗೆ ಹೋಗಿ, ಮೊಳೆಗಳ ಸಮೇತ ಕಂಬಳಿ ಎಳೆದು ಹಾಕಿದಳು. ಹಾಸಿಗೆಗಳನ್ನು ತಾನೇ ಎಳೆದು ತಂದು ಅಂಗಳದ ಬಿಸಿಲಿಗೆ ಒಗೆದಳು. ಆ ಸಂಜೆ ಊಟ ಮಾಡಲಿಲ್ಲ. ಅಪ್ಪ ಬಂದು ‘ಅವ್ವಾ’ ಅಂದಾಗ, ‘ಉಣ್ಣು ಹೋಗು’ ಅಂದಳು, ಅಷ್ಟೇ. ಲಿಲ್ಲಿಬಾಯಿ ಗೋಡೆಗೆ ಸುಣ್ಣ ಹೊಡೆಸಿಕೊಟ್ಟರು. ಮಂಜ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಆದರೆ ದಸರೆಯ ಹೊತ್ತಿಗೆ ಅಂಗಳದಲ್ಲಿ ಓಡಾಡುವಷ್ಟಾದ. ನನ್ನ ಮಾತಿನಿಂದ ಒಳ್ಳೆಯದೇ ಆಯಿತು ಎಂದು ಆಮೇಲೆ ಎಲ್ಲರೂ ಒಪ್ಪಿದರು. ನಾನೂ ಒಪ್ಪಿಕೊಂಡು ನೋಡಿದ್ದೇನೆ, ಸಮಾಧಾನವಾಗುವುದಿಲ್ಲ.

ನಾನು ಹಾಗೆ ಕೂಗಿದ ಮಾರನೆಯ ಬೆಳಿಗ್ಗೆ, ನಾನಿನ್ನೂ ಹಾಸಿಗೆಯಲ್ಲಿದ್ದಾಗ ಅಜ್ಜಿ ಬಂದು ಪಕ್ಕದಲ್ಲಿ ಕೂತಳು.

‘ಗಿರ್ಜಾ, ಕಿಟ್ಕಿ ತೆಗೀಲೇನೇ?’

ವ್ಯಂಗ್ಯವೇನೋ ಎಂದು ಮುಖ ನೋಡಿದೆ. ಅಲ್ಲ, ಅವಳು ನಿಜವಾಗಿಯೂ ಕೇಳುತ್ತಿದ್ದಳು. ‘ತೆಗಿ’ ಅಂದೆ. ತೆಗೆದಳು. ಮೊದಮೊದಲು ನನಗೆ ಇದರಿಂದ ಬಹಳ ಜಂಬ ಬಂತು. ಮಹಡಿ ಹತ್ತಿ ಲಿಲ್ಲಿಬಾಯಿಯಿಂದ ಈ ಊರಿನ ಗಾಳಿಯ ವಿದ್ಯೆಯನ್ನೆಲ್ಲ ಕಲಿತು ಬಂದೆ. ಇರಚಲು ಹೊಡೆದರೆ ಪಡುವಣದ್ದು ಮುಚ್ಚಿ ಮೂಡಣದ್ದು ತೆಗೆ, ಬಿಸಿಲು ಬಿದ್ದರೆ ಎಲ್ಲವನ್ನೂ ತೆಗೆ, ದೀಪ ಹಚ್ಚುವ ಮೊದಲು ಮುಚ್ಚು, ಒಂದು ಗಂಟೆ ಬಿಟ್ಟು ಮತ್ತೆ ತೆಗೆ. ನಾನು ಹೇಳುವುದು, ಅಜ್ಜಿ ಮಾಡುವುದು. ಬರಬರುತ್ತ ಅಜ್ಜಿ ಬೇರೆಯದನ್ನೂ ಕೇಳತೊಡಗಿದಳು. ಸಾರಿಗೆ ಉಪ್ಪು ಸಾಕೇನೇ, ಅಕ್ಕಿ ನೆನೆಹಾಕಲೇನೇ, ಮಂಜಗೆ ಸ್ವೆಟರ್ ತೊಡಿಸಲೇನೇ. ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ನಾಲ್ಕು ಪ್ರಶ್ನೆ. ಅಮ್ಮನೂ ಅಪ್ಪನೂ ಇದನ್ನು ನೋಡಿ ನಗುತ್ತಿದ್ದರು, ‘ಮನೆ ಯಜಮಾನ್ತಿ’ ಎಂದು ನನ್ನನ್ನು ಕರೆಯುತ್ತಿದ್ದರು. ಜಂಬ ಇಳಿದು ದಣಿವು ಯಾವಾಗ ಬಂತೋ ಗೊತ್ತಾಗಲಿಲ್ಲ. ತಪ್ಪಾಯಿತು ಎಂದು ಒಂದು ಮಾತು ಹೇಳಬೇಕೆಂದು ಎಷ್ಟೋ ಸಲ ಅಜ್ಜಿಯ ಹತ್ತಿರ ಹೋದೆ. ಹೋದಾಗಲೆಲ್ಲ ಅವಳೇ ಮೊದಲು ಏನಾದರೂ ಕೇಳಿಬಿಡುತ್ತಿದ್ದಳು.

ಬೇಸಿಗೆ ರಜೆಗೆ ನಾವೆಲ್ಲ ಜಗಳೂರಿಗೆ ಹೋದೆವು. ಚಿಕ್ಕಪ್ಪನ ಮನೆಯವರು ಮದುವೆಯೊಂದಕ್ಕೆ ಹೊರಟು ಮನೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ನನಗೆ ಒಳಗೊಳಗೇ ಹಗುರವಾಗಿತ್ತು. ಇದು ಅಜ್ಜಿಯ ಊರು, ಅಜ್ಜಿಯ ಬಿಸಿಲು, ಅಜ್ಜಿಯ ನಾಲ್ಕು ಕಿಟಕಿ. ಇನ್ನು ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಅಮ್ಮ ಎರಡು ದಿನಕ್ಕೆಂದು ನ್ಯಾಮತಿಗೆ ಹೋದಳು, ಅಪ್ಪ ಅವಳನ್ನು ಬಿಡಲು ಹೋದ. ನಾನು ಬೆಳಿಗ್ಗೆ ರೊಟ್ಟಿ ತಿಂದವಳೇ ಹಳೆಯ ಗೆಳತಿಯರನ್ನು ಹುಡುಕಿಕೊಂಡು ಹೊರಟೆ. ಆಟ ಮುಗಿಸಿ ಬರುವಾಗ ನಡುಮಧ್ಯಾಹ್ನ. ಕಾಲು ಸುಡುತ್ತಿದ್ದವು, ಬಿಸಿ ಗಾಳಿ ರಸ್ತೆಯ ಮಣ್ಣನ್ನು ಎತ್ತಿ ಎತ್ತಿ ಎಸೆಯುತ್ತಿತ್ತು.

ದೂರದಿಂದಲೇ ಕಂಡಿತು. ನಮ್ಮ ಮನೆಯ ಕಿಟಕಿಗಳು ಹಾರುಹೊಡೆದಿದ್ದವು. ಒಳಗೆ ಹೋದರೆ ನೆಲದ ಮೇಲೆ ಹೆಜ್ಜೆ ಮೂಡುವಷ್ಟು ದೂಳು. ರೊಟ್ಟಿಯ ಬುಟ್ಟಿ, ನೀರಿನ ಕೊಡ, ಮಡಿಸಿಟ್ಟ ಹಾಸಿಗೆ, ಎಲ್ಲದರ ಮೇಲೂ ಕೆಮ್ಮಣ್ಣು. ನಡುಮನೆಯ ಮೂಲೆಯಲ್ಲಿ ಅಜ್ಜಿ ಮಂಜನನ್ನು ಮಡಿಲಲ್ಲಿ ಅವುಚಿಕೊಂಡು, ಅವನ ಮೂಗು ಬಾಯಿಗೆ ತನ್ನ ಸೆರಗು ಅಡ್ಡ ಹಿಡಿದು ಕೂತಿದ್ದಳು. ಅವಳ ಕೂದಲು, ರೆಪ್ಪೆ ಎಲ್ಲ ಕೆಂಪಾಗಿತ್ತು. ಸೆರಗಿನೊಳಗಿನಿಂದ ಮಂಜನ ಎದೆಯ ಸದ್ದು ಕೇಳುತ್ತಿತ್ತು.

‘ಯಾಕಜ್ಜೀ, ಕಿಟ್ಕಿ ಹಾಕಿಲ್ಲ?’

‘ಹೊತ್ತಾತಲ್ಲೇ ಬರಾಕೆ’ ಅಂದಳು. ‘ನೀನು ಬರ್ಲಿ ಅಂತ ಕಾಯ್ತಿದ್ದೆ ಕಣವ್ವ. ಹಾಕ್ಬೌದೇನು?’

ಹಾಕು ಎಂದು ತಲೆಯಾಡಿಸಿದೆ. ಮಂಜನನ್ನು ನನ್ನ ತೊಡೆಗೆ ಕೊಟ್ಟು ಅಜ್ಜಿ ಎದ್ದಳು. ತಾನು ಸೊಸೆಯಾಗಿ ಬಂದ ದಿನದಿಂದ ಮುಚ್ಚಿ ತೆರೆದ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಪ್ರತಿಯೊಂದರ ಚಿಲಕ ಹಾಕಿದ ಮೇಲೂ ಸರಿಯೇನು ಎನ್ನುವ ಹಾಗೆ ತಿರುಗಿ ನನ್ನ ಮುಖ ನೋಡಿದಳು. ನಾಲ್ಕನೆಯದನ್ನು ಮುಚ್ಚುವ ಹೊತ್ತಿಗೆ ನಾನು ನೆಲ ನೋಡುತ್ತಿದ್ದೆ.